ಮೋಟರ್ ಸತ್ತಂ

ಯಾಕಮ್ಮ ನಗ್ತೀಯ? ನಕ್ಕೆ ತಾನೆ? ಸೆರಗು ಬಾಯಿಗೆ ಅಡ್ಡ ಹಿಡಿದ್ರೆ ನಂಗೆ ಗೊತ್ತಾಗಲ್ವಾ... ಸರಿ, ಸರಿ, ಬಾಣ ಉಲ್ಟಾ ಇದೆ. ನಂಗೂ ಕಾಣ್ತಿದೆ. ‘ದಿಸ್ ಸೈಡ್ ಅಪ್’ ಅಂತ ಬರೆದು ಬಾಣ ಹಾಕಿದಾರೆ, ಬಾಣ ನೋಡಿದ್ರೆ ನೆಲಕ್ಕೆ ತಿರುಗಿದೆ. ಆದ್ರೆ ಇದು ನಾನು ಹೊಡೆದ ಹಲಗೆ ಅಲ್ಲ! ಅಪ್ಪಂದೇ. ಈ ಮೋಟರ್ ಪೆಟ್ಟಿಗೇಲಿ ನಾನು ಹೊಡೀತಿರೋದು ನಾಲ್ಕನೇ ಪಕ್ಕ ಮಾತ್ರ. ಮೂರು ಪಕ್ಕ ಅವರೇ ಮುಗಿಸಿದ್ರಲ್ಲ.

ನಗು, ನಗು. ಪರವಾಗಿಲ್ಲ. ನಲವತ್ತು ದಿನ ಆದ್ಮೇಲೆ ಇದೇ ಮೊದಲ್ನೇ ಸಲ ನೀನು ನಗ್ತಿರೋದು. ಅಪ್ಪ ಇದ್ದಿದ್ರೆ ಏನನ್ನೋರು ಗೊತ್ತಾ? ‘ಮೋಟರಿಗೆ ಇಂಗ್ಲಿಷ್ ಬರಲ್ಲ ಬಿಡು’ ಅನ್ನೋರು.

ಈ ಹಲಗೆ ವಾಸನೆ ನೋಡು. ಇನ್ನೂ ಗ್ರೀಸ್ ವಾಸನೆ ಹೋಗಿಲ್ಲ. ರಾಯಪುರಂ ಹಾರ್ಬರ್ ಹತ್ರ ಹಳೇ ಪ್ಯಾಕಿಂಗ್ ಪೆಟ್ಟಿಗೆ ಒಡೆದು ಮಾರ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಅಲ್ಲಿಗೆ ಹೋಗಿ, ಒಂದು ಕಟ್ಟು ಹೊತ್ಕೊಂಡು ಎಲೆಕ್ಟ್ರಿಕ್ ಟ್ರೇನಲ್ಲಿ ಬಂದ್ರು. ಮೂವತ್ತೊಂದು ವರ್ಷ ರೈಲ್ವೇಲಿ ಇದ್ದೋರು, ಕ್ರೋಂಪೇಟೆ ಸ್ಟೇಷನ್ನಲ್ಲಿ ಟಿಕೆಟ್ ಕಲೆಕ್ಟರ್ ತಡೆದು ‘ಸಾರ್, ಲಗೇಜ್ ಟಿಕೆಟ್ ಎಂಗೆ?’, ಇದಕ್ಕೆ ಟಿಕೆಟ್ ಎಲ್ಲಿ ಅಂತ ಕೇಳಿದ್ನಂತೆ! ಒಂದು ವಾರ ಅದನ್ನೇ ಹೇಳ್ಕೊಂಡು ಓಡಾಡಿದ್ರಲ್ಲ...

ಅಮ್ಮ, ಆ ತುದಿ ಒಂಚೂರು ಹಿಡ್ಕೊಳ್ತೀಯಾ? ಮೊಳೆ ಓರೆ ಹೋಗ್ತಿದೆ... ಬೇಡವಾ? ಸರಿ. ಬೇಡ ಬಿಡು. ನೀನು ಸೊಪ್ಪು ಬಿಡಿಸು. ನಾನು ಇಟ್ಟಿಗೆ ಆನಿಸ್ಕೊಳ್ತೀನಿ.

ಇದನ್ನ ಯಾರಿಗೋಸ್ಕರ ಮಾಡ್ತಿದೀನಿ ಅಂದ್ಕೊಂಡೆ? ಮೋಟರಿಗಾ? ಎಲ್ಲಿ, ನಿನ್ನ ಅಂಗೈ ತೋರಿಸು. ತೋರಿಸಲ್ಲ! ಬೆಳಿಗ್ಗೆ ಚಪಾತಿ ಲಟ್ಟಿಸೋವಾಗ ಲಟ್ಟಣಿಗೇನ ಬೆರಳ ತುದೀಲಿ ಹಿಡ್ಕೊಂಡಿದ್ದೆ. ನೋಡ್ಲಿಲ್ಲ ಅಂದ್ಕೊಂಡ್ಯಾ? ನಾನು ಮಾತಾಡಲ್ಲ ಅಷ್ಟೆ, ನೋಡ್ತಿರ್ತೀನಿ. ಬಾವಿ ಪಕ್ಕದಲ್ಲೇ ಮೋಟರ್ ಇಟ್ಕೊಂಡು ದಿನಾ ಮೂವತ್ತು ಕೊಡ ನೀರನ್ನ ಹಗ್ಗದಲ್ಲಿ ಸೇದ್ತೀಯ. ನಾನು ಸೇದ್ತೀನಿ ಅಂದ್ರೆ ಬಿಡಲ್ಲ. ಸ್ವಿಚ್ ಹತ್ರ ಕೈ ಹೋದ್ರೆ ಸಾಕು, ಹೆಂಗೆ ನೋಡ್ತೀಯ ಅಂದ್ರೆ...

ಗೊತ್ತಮ್ಮ. ಗೊತ್ತು. ‘ಈ ಪೀಡೆ ಅವರ ಕೂಗು ನುಂಗ್ತು. ಇನ್ನು ಈ ಮನೇಲಿ ಇದು ಬಾಯಿ ತೆಗೀಕೂಡದು’ ಅಂದೆ. ಹದಿಮೂರನೇ ದಿನ, ಎಲೆ ಮುಂದೆ ಕೂತವರೆಲ್ಲ ಕೈ ನಿಲ್ಲಿಸಿ ಕೇಳಿದ್ರು. ಅದಕ್ಕೇ ತಾನೆ ರಘುರಾಮ ಚಿಕ್ಕಪ್ಪ ಭಾನುವಾರ ಬಂದು ಬಿಚ್ಕೊಂಡು ಹೋಗಿ ಗುಜರಿಗೆ ಹಾಕ್ತೀನಿ ಅಂದಿದ್ದು? ಇವತ್ತು ಶುಕ್ರವಾರ. ಅಷ್ಟರೊಳಗೆ ನಾನು ಇದಕ್ಕೆ ಮುಚ್ಚಳ ಮುಗಿಸ್ಬೇಕು. ಮುಗಿಸಿ ಒಂದ್ಸಲ, ಒಂದೇ ಒಂದ್ಸಲ, ನಿನ್ನ ಮುಂದೆ ಹಾಕಿ ತೋರಿಸ್ತೀನಿ. ಒಳಗಡೆ ನಾರಿನ ಕಾಲೊರೆಸು ಕತ್ತರಿಸಿ ಅಂಟಿಸಿದೀನಿ ನೋಡು. ಸದ್ದು ಅರ್ಧಕ್ಕೆ ಇಳಿಯುತ್ತೆ. ಅರ್ಧ ಆದ್ರೆ... ಯಾರು ಎಲ್ಲಿಂದ ಕೂಗಿದ್ರೂ ಕೇಳಿಸುತ್ತೆ. ಅಲ್ವಾ?

ಏನಾದ್ರೂ ಹೇಳಮ್ಮ.

ಹ್ಞೂಂ, ಸೊಪ್ಪು ಬಿಡಿಸು.

ಅಯ್ಯೋ, ಮೇಲೆ ಯಾಕೆ ನೋಡ್ತೀಯ? ಆ ಹುಡುಗರಾ? ನೋಡ್ಲಿ ಬಿಡು. ಪಕ್ಕದ ಮನೆ ಸುಮತಿ ಆಂಟಿ ತಮ್ಮ ಮೇಲ್ಗಡೆ ಪೋರ್ಷನ್ ಕಾಲೇಜ್ ಹುಡುಗರಿಗೆ ಬಾಡಿಗೆಗೆ ಕೊಟ್ಟಾಗಿಂದ ನಾನು ಹಿತ್ತಲಿಗೆ ಬರೋದೇ ಬಿಟ್ಟಿದ್ದೆ, ನೆನಪಿದೆಯಾ? ಬಟ್ಟೆ ಒಣಹಾಕೋಕೂ ನಿನ್ನನ್ನೇ ಕಳಿಸ್ತಿದ್ದೆ. ಅಪ್ಪಂಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಈ ಪೆಟ್ಟಿಗೆ ಶುರು ಮಾಡಿದ ಆ ವಾರವಿಡೀ ದಿನಕ್ಕೆ ಹತ್ತು ಸಲ, ‘ಚಿನ್ನೂ, ಒಂಚೂರು ಹಿಡ್ಕೊ ಬಾ.’ ಹಲಗೆ ಕೊಯ್ಯೋಕೆ ಹಿಡ್ಕೊ ಬಾ, ಟೇಪ್ ಹಿಡ್ಕೊ ಬಾ. ನಾನು ದುಪಟ್ಟಾ ಹುಡುಕಿ, ತಲೆ ಬಗ್ಗಿಸ್ಕೊಂಡು ಬಂದು, ಹಲಗೆ ಹಿಡ್ಕೊಂಡು ನಿಂತ್ರೆ ಮೇಲಿಂದ ಯಾರಾದ್ರೂ ಶಿಳ್ಳೆ ಹಾಕೋರು. ಭೂಮಿ ಬಾಯಿ ಬಿಡಬಾರದಾ ಅನ್ಸೋದು. ಈಗ ನೋಡು... ನೈಟೀಲೇ ಕೂತು ಮೊಳೆ ಹೊಡೀತಿದೀನಿ. ಶಿಳ್ಳೆ ಹಾಕೋರಿಗೂ ಬೇಜಾರಾಗಿರಬೇಕು, ಪಾಪ.

ಅಯ್ಯೋ! ಇಲ್ಲ, ಇಲ್ಲ, ಬೆರಳಿಗೆ ಅಷ್ಟೆ. ಏನಿಲ್ಲ. ಕೂತ್ಕೊ.

ಅಪ್ಪ ಎಷ್ಟು ಸಲ ತಪ್ಪಾಗಿ ಕೊಯ್ದಿದಾರೆ ಗೊತ್ತಾ? ಮೋಟರ್ ಅಳತೆ ಕರೆಕ್ಟಾಗಿ ತಗೊಂಡ್ರು, ಪೈಪ್ ಮರೆತ್ರು! ಪೆಟ್ಟಿಗೆ ಇಳಿಸಿದ್ರೆ ಪೈಪ್ ಮೇಲೆ ಕೂತ್ಕೊಳ್ತು, ಟೋಪಿ ಥರ. ಆಮೇಲೆ ಪೈಪಿಗೆ ಸಂದು ಕೊಯ್ದ್ರು, ಗಾಳಿ ಆಡೋಕೆ ತೂತು ಕೊರೆದ್ರು. ಇಲ್ಲದಿದ್ರೆ ಮೋಟರ್ ಒಳಗೇ ಕಾದು ಸುಟ್ಟುಹೋಗುತ್ತಂತೆ. ಹದಿನೈದು ವರ್ಷದಿಂದ ಸುಮತಿ ಆಂಟಿಗೆ ‘ಅಡುತ್ತ ವಾರಂ’, ‘ಅಡುತ್ತ ವಾರಂ’, ಮುಂದಿನ ವಾರ ಮುಚ್ಚಳ ಹಾಕ್ತೀನಿ ಅಂತ ಹೇಳ್ಕೊಂಡು ಬಂದು, ಕೊನೆಗೆ ರಿಟೈರ್ ಆದ್ಮೇಲೆ ಸುತ್ತಿಗೆ ಹಿಡಿದ್ರು.

ಹ್ಞಾ! ಸುಮತಿ ಆಂಟಿ ಮೊದಲ್ನೇ ಸಲ ಜಗಳಕ್ಕೆ ಬಂದಿದ್ದು ನೆನಪಿದೆಯಾ? ನಾನು ಒಂದನೇ ಕ್ಲಾಸು. ನೀನು ಊರಿಂದ ಬಂದು ಏಳೆಂಟು ವರ್ಷ ಆಗಿದ್ರೂ ಇನ್ನೂ ತಮಿಳು ಸರಿಯಾಗಿ ಬರ್ತಿರಲಿಲ್ಲ. ಗೇಟ್ ಹತ್ರ ನಿಂತು ಆಂಟಿ, ‘ಉಂಗ ಮೋಟರ್ ಸತ್ತಂ ತಾಂಗ ಮುಡಿಯಲೆ’ ಅಂದ್ರು. ನಿಮ್ಮ ಮೋಟರ್ ಸದ್ದು ತಡೆಯೋಕಾಗಲ್ಲ ಅಂತ ಅವರು ಹೇಳಿದ್ರೆ, ನೀನು ಏನು ಕೇಳಿಸ್ಕೊಂಡೆ? ‘ಅಯ್ಯೋ, ಸತ್ತೋಯ್ತಾ? ಬೆಳಿಗ್ಗೆ ಚೆನ್ನಾಗಿತ್ತಲ್ಲಾ!’ ಸಂಜೆ ಅಪ್ಪ ಬರ್ತಿದ್ದಂಗೇ ‘ಮೋಟರ್ ಸತ್ತೋಯ್ತಂತೆ ರೀ, ಪಕ್ಕದ ಮನೆಯವರು ಬಂದು ಹೇಳಿದ್ರು.’ ಕಾಫಿ ಕೂಡ ಕುಡೀದೆ ಅಪ್ಪ ಮೆಕ್ಯಾನಿಕ್ಕನ್ನ ಕರ್ಕೊಂಡು ಬಂದ್ರು. ಅವನು ಸ್ವಿಚ್ ಹಾಕಿದ, ಡರ್ರ್ ಅಂತ... ‘ನೋಡೇ, ಸತ್ತವನು ಎದ್ದು ಕೂತ!’

ನಗ್ತಿದೀಯ! ನೋಡು, ನಗ್ತಿದೀಯ. ಕಣ್ಣಲ್ಲಿ ನೀರು ಬರೋ ಹಂಗೆ ನಗ್ತಿದೀಯ...

ಆದ್ರೆ ನಿನ್ನೊಬ್ಬಳದೇ ಅಲ್ಲಮ್ಮ ಆ ಕಿವಿ. ನಂಗೂ ಒಂದ್ಸಲ ಹಂಗಾಯ್ತು. ಇಲ್ಲೇ ಹುಟ್ಟಿ, ಇಲ್ಲೇ ಓದಿ, ನಿನಗೆ ಬೇಕಂತಲೇ ತಮಿಳಲ್ಲಿ ಉತ್ತರ ಕೊಡೋಳು ನಾನು... ಅವತ್ತು ನೀನು ಜಾನಕಮ್ಮನ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆಯಲ್ಲ. ನಾನು ಒಳಗೆ ಓದ್ತಾ ಕೂತಿದ್ದೆ. ಸುಮತಿ ಆಂಟಿ ಗೋಡೆ ಆ ಕಡೆಯಿಂದ, ‘ಎನ್ನ ಚಿನ್ನು, ಸತ್ತಮೇ ಕಾಣೋಂ? ಅಪ್ಪಾ ಎಂಗೆ?’ ಅಂದ್ರು. ಸದ್ದೇ ಇಲ್ಲವಲ್ಲ, ಅಪ್ಪ ಎಲ್ಲಿ ಅಂತ, ಅಷ್ಟೇ. ಆದ್ರೆ ನಂಗೆ ‘ಸತ್ತ’ ಅಂತಷ್ಟೇ ಕೇಳಿಸ್ತಮ್ಮ. ಸತ್ತ. ಅಪ್ಪಾ. ಹಿತ್ತಲಿಗೆ ಓಡಿ ಬಂದೆ, ನೋಡಿದ್ರೆ... ಈ ಪೆಟ್ಟಿಗೆ ಮೇಲೆ ಒಂದು ಕೈ ಇಟ್ಕೊಂಡು, ಹಂಗೇ ಗೋಡೆಗೆ ಒರಗಿ...

ಅಮ್ಮ?

ಸೊಪ್ಪು ಯಾಕೆ ಕೆಳಗಿಟ್ಟೆ?

ಏನಮ್ಮ? ಹಂಗೆ ನೋಡ್ಬೇಡ. ನಾನೇನು ಹೇಳಿದೆ ಈಗ? ಆಂಟಿ ಕೇಳಿದ್ದು ಹೇಳಿದೆ, ಅಷ್ಟೆ... ಸದ್ದೇ ಇಲ್ಲ ಅಂದ್ರೆ ಸುತ್ತಿಗೆ ಸದ್ದು. ಸುತ್ತಿಗೆ ಸದ್ದು ಇರ್ಲಿಲ್ಲ ಅಂತ. ಮೋಟರ್ ಸದ್ದು ಇತ್ತು... ಮೋಟರ್... ಅದು ಅವರಿಗೆ ಅಭ್ಯಾಸ ಆಗಿಹೋಗಿದೆ, ಕಿವಿಗೆ ಬಿದ್ದಿರಲ್ಲ...

ಅಮ್ಮ, ಏನಾದ್ರೂ ಅನ್ನು. ಬೈಯೋದಾದ್ರೂ ಬೈ.

ಹೋಗಲಿ. ಇಲ್ಲ. ಇರ್ಲಿಲ್ಲ. ಮೋಟರ್ ಆಫ್ ಆಗಿತ್ತು. ಬೆಳಿಗ್ಗೆನೇ ಅಪ್ಪನೇ ಆಫ್ ಮಾಡಿದ್ರು. ಓಡ್ತಿರೋ ಮೋಟರಿಗೆ ಪೆಟ್ಟಿಗೆ ಇಳಿಸೋಕಾಗುತ್ತಾ? ಯಾರಾದ್ರೂ ಒಂದ್ಸಲ ಯೋಚನೆ ಮಾಡಿದ್ರೆ ಗೊತ್ತಾಗ್ತಿತ್ತು. ಯಾರೂ ಮಾಡ್ಲಿಲ್ಲ. ಅವತ್ತು ಎಷ್ಟು ನಿಶ್ಶಬ್ದ ಇತ್ತು ಅಂದ್ರೆ ಪುಟ ತಿರುಗಿಸೋ ಸದ್ದು ನಂಗೇ ಕೇಳಿಸ್ತಿತ್ತು.

ಕೂಗಿದ್ರಮ್ಮ. ಅಪ್ಪ ಕೂಗಿದ್ರು. ‘ಚಿನ್ನೂ... ಒಂಚೂರು ಹಿಡ್ಕೊ ಬಾ.’ ಅದೇ ಮಾತು. ಸ್ವಲ್ಪ ಮೆತ್ತಗೆ, ಅಷ್ಟೆ. ಹಲಗೆ ಅಂದ್ಕೊಂಡೆ. ದಿನಕ್ಕೆ ಹತ್ತು ಸಲ ಅದೇ ಅಲ್ವಾ... ಲೈಬ್ರರಿ ಪುಸ್ತಕ, ಸಂಜೆ ವಾಪಸ್ ಕೊಡಬೇಕಿತ್ತು, ಕೊನೇ ಪುಟಗಳು. ದುಪಟ್ಟಾ ಎಲ್ಲೋ ಇತ್ತು. ಮೇಲೆ ಆ ಹುಡುಗರು ಬೇರೆ. ‘ಎರಡು ನಿಮಿಷ ಅಪ್ಪಾ’ ಅಂದೆ. ಜೋರಾಗೇ ಅಂದೆ. ಅವರಿಗೆ ಕೇಳಿಸಿರುತ್ತೆ.

ಅಪ್ಪ ಯಾವಾಗ್ಲೂ ಎರಡು ಸಲ ಕೂಗ್ತಿದ್ರಲ್ಲ? ಅವತ್ತು ಎರಡನೇ ಸಲ ಕೂಗ್ಲಿಲ್ಲ. ನಂಗೆ... ಖುಷಿ ಆಯ್ತಮ್ಮ. ಹೆಂಗೋ ಒಬ್ರೇ ಹಿಡ್ಕೊಂಡ್ರು, ನಾನು ಹೋಗೋದು ತಪ್ತು ಅಂತ. ಪುಸ್ತಕ ಮುಗಿಸ್ದೆ. ಪೂರ್ತಿ ಮುಗಿಸ್ದೆ.

ಡಾಕ್ಟರ್ ‘ಕೂಗ್ಲಿಲ್ವಾ?’ ಅಂದಾಗ ನನ್ನ ಬಾಯಲ್ಲಿ ‘ಮೋಟರ್’ ಅಂತ ಬಂತು. ಅಷ್ಟೇ ಹೇಳಿದ್ದು, ಒಂದೇ ಮಾತು. ಮಿಕ್ಕಿದ್ದನ್ನ ಅವರವರೇ ಸೇರಿಸ್ಕೊಂಡ್ರು. ‘ಪಾಪ ಮಗು, ಮೋಟರ್ ಸದ್ದಲ್ಲಿ ಕೇಳಿಸ್ಲಿಲ್ಲ’ ಅಂತ ಚಿಕ್ಕಪ್ಪ ತಲೆ ಸವರಿದ್ರು. ನೀನು ಬಂದು ಇದನ್ನ ಕಾಲಲ್ಲಿ ಒದ್ದೆ. ದಿನಾ ಬೈದೆ. ನಾನು ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ. ನನಗೆ ಬರಬೇಕಾದ್ದನ್ನೆಲ್ಲ ಇದು ಬೈಸ್ಕೊಳ್ತಿತ್ತು... ನೀನು ಹಗ್ಗ ಹಿಡಿದೆ. ಅಂಗೈ ಸುಲೀತು. ಅದನ್ನ ಮಾತ್ರ ನೋಡೋಕೆ ಆಗ್ಲಿಲ್ಲಮ್ಮ. ಮುಚ್ಚಳ ಹಾಕಿದ್ರೆ ಸಾಕು ಅಂದ್ಕೊಂಡೆ. ಹೇಳದೇನೇ ಮುಗಿದುಹೋಗುತ್ತೆ ಅಂದ್ಕೊಂಡೆ.

ಅದೇನೂ ನುಂಗ್ಲಿಲ್ಲ. ಅದನ್ನ ಗುಜರಿಗೆ ಹಾಕ್ಬೇಡಿ.

ಎದ್ಯಾ? ಒಳಗೆ ಹೋಗ್ತೀಯಾ? ಹೋಗ್ಬೇಡ... ಇಲ್ಲ, ಹೋಗು, ಬೇಕಾದ್ರೆ ಹೋಗು... ಎಲ್ಲಿ ನಿಂತಿದೀಯ ಅಂತ ಕಾಣ್ತಿಲ್ಲ ನಂಗೆ, ಕಣ್ಣು... ಅಮ್ಮಾ. ಕೇಳಿಸ್ತಿದೆಯಾ? ಮೋಟರ್ ಆಫ್ ಇದೆ. ಏನೂ ಸದ್ದಿಲ್ಲ.

ಒಂಚೂರು ಹಿಡ್ಕೊ ಬಾಮ್ಮ.

ಹಲಗೆ ಅಲ್ಲ... ಹಲಗೆ ಅಲ್ಲಮ್ಮ.