ರನ್‌ವೇ ಮೇಲಿನ ಮನೆ

ತೆರ್ಸೈರ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಳೆಯೂ ಮಂಜೂ ಒಟ್ಟಿಗೆ ಇಳಿದವೆಂದರೆ ಆ ದಿನ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಅಂದು ಸಂಜೆಯೂ ಹಾಗೆಯೇ ಆಯಿತು. ಗಾಜಿನಾಚೆ, ರನ್‌ವೇಯ ಆ ಬದಿಯಲ್ಲಿ ಸಾಲಾಗಿ ನಿಂತಿದ್ದ ಸೇನೆಯ ವಿಮಾನಗಳು ಮೊದಲು ಮಸುಕಾದವು. ಆಮೇಲೆ ಈ ಬದಿಯ ನಮ್ಮ ಪುಟ್ಟ ವಿಮಾನವೂ ಕಾಣದಾಯಿತು. ಪಕ್ಕದ ದ್ವೀಪಕ್ಕೆ ಹೊರಟಿದ್ದ ನಾವೆಲ್ಲ ಕಾಫಿಯಂಗಡಿಯ ಬಳಿ ಬೆಂಚು ಎಳೆದುಕೊಂಡು, ಸಿಹಿ ಬ್ರೆಡ್ಡು ಹಂಚಿಕೊಂಡು ಕುಳಿತೆವು. ಇಲ್ಲಿನ ಅಗ್ನಿಶಾಮಕ ದಳದಲ್ಲಿ ಜೀಪು ಓಡಿಸಿ ನಿವೃತ್ತನಾದ ದೆವೊದಾತು ಮಾಮ ಮೂಲೆಯಲ್ಲಿದ್ದ.

"ಏನ್ ಮಾಮ, ಈ ಮಂಜಲ್ಲೂ ಧೈರ್ಯ ಮಾಡಿ ಇಳಿಸಿಬಿಟ್ರೆ ಏನಾಗುತ್ತೆ?" ಎಂದು ನಾನು ತಮಾಷೆಗೆ ಕೇಳಿದೆ.

ಅವನು ನಗಲಿಲ್ಲ. ಕಪ್ಪನ್ನು ಕೆಳಗಿಟ್ಟ.

"ಇಳಿಸಿದಾರೆ... ನಾನೇ ನೋಡಿದೀನಿ. ಈ ರನ್‌ವೇ ಆಗೋಕೆ ಮುಂಚೆ ಇಲ್ಲೆಲ್ಲ ಗೋಧಿ ಹೊಲ, ಕರಿಕಲ್ಲಿನ ಗೋಡೆ, ನಡುನಡುವೆ ಮನೆಗಳು. ಯುದ್ಧದ ಕಾಲದಲ್ಲಿ ರನ್‌ವೇಗೆ ಅಂತ ಎಲ್ಲರನ್ನೂ ಜಾಗ ಬಿಡಿಸಿದ್ರು. ಲಿದುವೀನ ಅಂತ ಒಬ್ಬಳು ವಿಧವೆ, ಅವಳನ್ನೂ ತಂಗಿ ಮನೆಗೆ ಕಳಿಸಿದ್ರು. ಆದ್ರೆ ಮೊದಲ ಮಂಜು ಬಿದ್ದ ದಿನವೇ, 'ಒಲೆ ಮೇಲೆ ಸಾರಿಟ್ಟು ಬಂದಿದೀನಿ' ಅಂತ ಹೊರಟವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವಳ ಮನೆ ಎಲ್ಲಿತ್ತು? ಈಗ ವಿಮಾನದ ಚಕ್ರ ನೆಲ ಮುಟ್ಟುತ್ತಲ್ಲ... ಅಲ್ಲೇ.

"ನಾನು ಕೆಲಸಕ್ಕೆ ಸೇರಿದ ಮೇಲಿನ ಮಾತು ಇದು. ರನ್‌ವೇ ಎರಡೂ ಕಡೆಯವರಿಗೆ ಒಂದೇ ಅಲ್ವಾ, ತಪಾಸಣೆಗೆ ಸೇನೆಯವನೊಬ್ಬ, ನಮ್ಮವನೊಬ್ಬ ಜೊತೆಯಾಗಿ ಹೋಗ್ತಿದ್ವಿ. ನನ್ನ ಜೊತೆಗಾರ ಆರ್ಮಿಂದು ಅಂತ, ಕಾರ್ಪೊರಲ್ಲು. ಬಾಯಿ ಜೋರು, ಮನಸ್ಸು ಬೆಣ್ಣೆ. ನನ್ನ ತಂಗಿ ಒತೀಲಿಯ ಜೊತೆ ಅವನ ಮದುವೆ ಗೊತ್ತಾಗಿತ್ತು. ಆ ಮಧ್ಯಾಹ್ನ ಅವಳು ಮದುವೆ ಬಟ್ಟೆ ಹೊಲಿಸಿಕೊಂಡು ವಿಮಾನದಲ್ಲಿ ವಾಪಸ್ ಬರ್ತಿದ್ಲು. ನೋಡ್ತಾ ನೋಡ್ತಾ ಎಲ್ಲ ದ್ವೀಪಗಳನ್ನೂ ಮಂಜು ಮುಚ್ಚಿಕೊಳ್ತು, ವಿಮಾನದಲ್ಲಿ ಇಂಧನ ಕಮ್ಮಿ, ಇಲ್ಲಿಳೀದೆ ಬೇರೆ ದಾರಿಯಿಲ್ಲ. 'ಹಸು ಗಿಸು ನುಗ್ಗಿದೆಯಾ ನೋಡಿ, ಬೇಗ!' ಅಂತ ಕಂಟ್ರೋಲ್ ಗೋಪುರದಿಂದ ಕೂಗಿದ್ರು.

"ಹೊರಟ್ವಿ. ಜೀಪಿನ ಮೂತಿ ನಮಗೇ ಕಾಣ್ತಿಲ್ಲ... ಅಂಥದ್ರಲ್ಲಿ ಎದುರಿಗೆ ಹಳದಿ ಬೆಳಕು.

"'ಏನ್ ಭಾವ, ನಿಮ್ಮೂರಲ್ಲಿ ರನ್‌ವೇ ಮೇಲೂ ಮನೆ ಕಟ್ತೀರಾ?' ಅಂದ ಆರ್ಮಿಂದು.

"ಮನೆಯೇ! ಸುಣ್ಣ ಬಳಿದ ಗೋಡೆ, ಹೊಗೆ ಬಿಡೋ ಚಿಮಣಿ, ತೆರೆದ ಬಾಗಿಲಲ್ಲಿ ಕರಿ ಶಾಲು ಹೊದ್ದ ಮುದುಕಿ. 'ಒಳಗೆ ಬನ್ನಿ ಮಕ್ಕಳಾ, ಥಂಡಿ. ಸಾರು ಬಿಸಿಯಾಗಿದೆ.' ಲಿದುವೀನಳೇ ಅಂತ ಗೊತ್ತಾಗಿ ನಾನು ಜೀಪಿಂದ ಇಳೀಲಿಲ್ಲ. ಆರ್ಮಿಂದು ಬೇರೆ ಊರಿನವನು, ಅವನಿಗೇನು ಗೊತ್ತು? ಪಾಪ ಯಾರೋ ಅಜ್ಜಿ ದಾರಿ ತಪ್ಪಿದಾಳೆ ಅಂತ ಹಾರಿಳಿದು ಓಡಿದ. 'ಅಜ್ಜೀ, ವಿಮಾನ ಬರ್ತಿದೆ, ಈಚೆ ಬನ್ನಿ!' ಅಂತ ಕೈ ಚಾಚಿದ. ಅವಳು ಆ ಕೈ ಹಿಡಿದುಕೊಂಡ್ಲು... ಹೊಸಿಲು ದಾಟಿಸಿದ್ಲು... ಬಾಗಿಲು ಮುಚ್ಚಿಕೊಳ್ತು.

"ಓಡಿಹೋಗಿ ಬಾಗಿಲು ಬಡಿದೆ. ಗಟ್ಟಿ ಮರ, ಒದ್ದೆ ಮರ! 'ಆರ್ಮಿಂದು! ಬಾರೋ ಈಚೆ!' ಒಳಗೆ ತಟ್ಟೆ ಇಡೋ ಸದ್ದು. ಜೀಪಿನ ರೇಡಿಯೋದಲ್ಲಿ ಅರಚಾಟ, 'ರನ್‌ವೇ ಬಿಡಿ, ವಿಮಾನ ಇಳೀತಿದೆ!' ತಲೆ ಮೇಲೆ ಎಂಜಿನ್ನಿನ ಮೊರೆತ, ಆ ವಿಮಾನದೊಳಗೆ ನನ್ನ ತಂಗಿ. ಜೀಪು ನಟ್ಟನಡುವೆ ನಿಂತಿದೆ. ಹೇಳಿ, ನೀವಾಗಿದ್ರೆ ಏನ್ ಮಾಡ್ತಿದ್ರಿ? ನಾನು ಜೀಪನ್ನ ಹುಲ್ಲಿಗೆ ಹಾರಿಸಿದೆ. ವಿಮಾನ ಆ ಮನೆಯೊಳಗಿಂದಲೇ ಹಾದುಹೋಯ್ತು... ಒಂದು ಹೆಂಚು ಅಲುಗಾಡಿದ ಸದ್ದೂ ಇಲ್ಲ. ತಿರುಗಿ ನೋಡಿದ್ರೆ ಬರಿ ಡಾಂಬರು.

"ನನ್ನ ತಂಗಿ ವಿಮಾನದ ಮೆಟ್ಟಿಲಿಳಿದವಳೇ ಸೊಂಟದ ಮೇಲೆ ಕೈಯಿಟ್ಲು. 'ಅಣ್ಣಾ, ಅದ್ಯಾರ ಮನೆ? ಡ್ಯೂಟಿ ಇದೆ, ಕರಕೊಂಡು ಹೋಗೋಕೆ ಬರಲ್ಲ ಅಂದಿದ್ದ ಕಳ್ಳ, ಅಲ್ಲಿ ಕೂತು ಸಾರು ಹೀರ್ತಿದಾನೆ! ಕಿಟಕೀಲಿ ನೋಡಿದೆ, ನನ್ನ ಕಂಡು ಕೈ ಬೀಸಿದ.' ನಗ್ತಿದ್ಲು ರೀ... ನನ್ನ ಮುಖ ನೋಡೋ ತನಕ.

"ಸೈನಿಕರು ಸಾಲಾಗಿ ನಿಂತು ಹುಲ್ಲೆಲ್ಲ ಜಾಲಾಡಿದ್ರು. ಬಂಡೆಯಿಂದ ಸಮುದ್ರಕ್ಕೆ ಬಿದ್ದಿರಬೇಕು ಅಂದುಬಿಟ್ರು. ಅವಳು ಬೇರೆ ಮದುವೆಯಾಗಲಿಲ್ಲ. ಮಂಜು ಬಿತ್ತು ಅಂದ್ರೆ ರನ್‌ವೇ ಬೇಲಿ ಹಿಡಿದು ನಿಲ್ಲೋಳು, ಮುದುಕಿಯಾದ್ರೂ. ಹೋದ ಚಳಿಗಾಲ ತಲೆ ಬಾಚಿಕೊಂಡು, ಒಳ್ಳೇ ಬಟ್ಟೆ ಉಟ್ಟು, 'ಬರ್ತೀನಿ ಅಣ್ಣಾ' ಅಂದ್ಲು. ಬೇಲಿ ಎಲ್ಲೂ ಹರಿದಿರಲಿಲ್ಲ. ಅವಳು ಮಾತ್ರ ಸಿಗಲಿಲ್ಲ. ಈಗ ಮಂಜಲ್ಲಿ ಇಳಿದವರನ್ನ ಕೇಳಿ... ಆ ಮನೇಲಿ ಮೇಜಿನ ಸುತ್ತ ಮೂರು ಜನ ಅಂತಾರೆ."

ಅಷ್ಟರಲ್ಲಿ, ಬೆಳಗಿನವರೆಗೆ ವಿಮಾನವಿಲ್ಲ ಎಂದು ಧ್ವನಿವರ್ಧಕ ಸಾರಿತು.

"ನೀನ್ಯಾಕೆ ಇಲ್ಲಿ ಒದ್ದಾಡ್ತೀಯ ಮಾಮ?" ಎಂದಳು ಕಾಫಿಯಂಗಡಿಯವಳು. "ಬೇಲಿಯಾಚೆಗೇ ಇದೆ ನಿನ್ನ ಮನೆ, ಹೋಗಿ ಮಲಕೋಬಾರ್ದಾ?"

ಅವನು ಕಿಟಕಿಯ ಕಡೆ ನೋಡಲೂ ಇಲ್ಲ.

"ಹೋಗಬಹುದು ಮಗಳೇ... ಆದ್ರೆ ಇಂಥ ದಿನ ನಮ್ಮನೆ ಹಿತ್ತಿಲ ಬಾಗಿಲು ತೆಗೆದ್ರೆ ಹಿತ್ತಿಲು ಕಾಣೋದಿಲ್ಲ. ಅಡುಗೆಮನೆ ಕಾಣುತ್ತೆ. ನಮ್ಮನೆಯದಲ್ಲ."