ಕಕ್ಕೆ ಹೂವಿಗೆ ಕಾದ ಮದುವೆ

ತಾಯಂದಿರೇ, ಅಣ್ಣಂದಿರೇ, ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀವು ಪಕ್ಕದವರ ಮುಖ ನೋಡುತ್ತೀರಿ. ಹೇಳದಿದ್ದರೆ ನಿಮ್ಮನ್ನೇ ಒಮ್ಮೆ ನೋಡಿಕೊಳ್ಳುತ್ತೀರಿ.

ಈ ಶ್ರೀಮಂತ ಒಂದು ಬೇಸಿಗೆಯಲ್ಲಿ ಪರಿಚಯದವರ ಮನೆಯ ಮದುವೆಗೆ ಹೋಗಿದ್ದ. ಅವರ ಅಂಗಳದಲ್ಲೊಂದು ಕಕ್ಕೆ ಮರ. ನೀವು ನೋಡಿದ್ದೀರಲ್ಲ? ಸುಡುವ ಬಿಸಿಲಿನಲ್ಲಿ ಎಲೆಯೆಲ್ಲ ಉದುರಿಸಿ ಮೈತುಂಬ ಹಳದಿ ಗೊಂಚಲು ಇಳಿಬಿಡುತ್ತದೆ. ಅದರ ಕೆಳಗೇ ಮಂಟಪ ಕಟ್ಟಿದ್ದರು. ಅಕ್ಷತೆಯ ಜೊತೆ ಹೂವೂ ಉದುರುತ್ತಿತ್ತು. ಊಟದ ಪಂಕ್ತಿಯಲ್ಲಿ ಮದುಮಕ್ಕಳ ಮಾತಿಲ್ಲ, ಹೋಳಿಗೆಯ ಮಾತಿಲ್ಲ, ಎಲ್ಲರ ಬಾಯಲ್ಲೂ ಮರದ್ದೇ ಮಾತು. ಶ್ರೀಮಂತ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ನೋಡಿ, ಇನ್ನೊಬ್ಬರ ಅಂಗಳದ ಚೆಲುವು ಕಂಡರೆ ಕಣ್ಣು ತಣಿಯಬೇಕು. ಇವನ ಕಣ್ಣು ಉರಿಯಿತು.

ಮಳೆ ಬೀಳುತ್ತಲೇ ತನ್ನ ಮನೆಯ ಮುಂದಿನ ತೋಟದಲ್ಲೂ ಕಕ್ಕೆ ಸಸಿ ನೆಡಿಸಿದ. ಅವನಿಗಿದ್ದವಳು ಒಬ್ಬಳೇ ಮಗಳು, ತಾಯಿಯಿಲ್ಲದವಳು. ಆಗಷ್ಟೇ ಹೈಸ್ಕೂಲು ಸೇರಿದ್ದಳು. “ಈ ಗಿಡದ ಕೆಳಗ ನಿನ್ನ ಮದುವಿ ಮಾಡ್ತೀನಿ. ಊರು ಬಾಯಿ ತಕ್ಕೊಂಡು ನೋಡಬೇಕು” ಅಂದ. ಹುಡುಗಿ ನಾಚಿ ಒಳಗೆ ಓಡಿದಳು.

ಅವಳಿಗೆ ಇಪ್ಪತ್ತೆರಡು ತುಂಬಿತು. ಮರ ಮಾಳಿಗೆಯ ಎತ್ತರಕ್ಕೆ ಬಂತು, ಹೂ ಮಾತ್ರ ಬಿಟ್ಟಿರಲಿಲ್ಲ. ಒಳ್ಳೆಯ ವರ ಸಿಕ್ಕಿದ. ದನದ ಡಾಕ್ಟರು, ಮೆಲುಮಾತಿನವನು. ಹುಡುಗ ಹುಡುಗಿ ಇಬ್ಬರೂ ಮನಸಾರೆ ಒಪ್ಪಿದರು. ಹುಡುಗನ ತಾಯಿಗೆ ಎದೆಯ ಕಾಯಿಲೆ. ಅವಳು ಸೊಸೆಯಾಗುವವಳ ಕೈ ಬಿಡದೆ ಹಿಡಿದುಕೊಂಡು, “ಮಾಘದಾಗ ಮಾಡಿಬಿಡ್ರಿ ಅಣ್ಣಾರ. ನನ್ನ ಉಸಿರಿನ ಭರೋಸಾ ಇಲ್ಲ” ಎಂದಳು.

ಶ್ರೀಮಂತ ಕಿಟಕಿಯಿಂದ ಮರವನ್ನೊಮ್ಮೆ ನೋಡಿದ. “ವೈಶಾಖದಾಗನ ಛಲೋ ಮುಹೂರ್ತ ಅದಾವ್ರಿ ಅಕ್ಕಾರ” ಎಂದ.

ತೋಟ ನೋಡಿಕೊಳ್ಳುವ ಮುದುಕ ಮಾಲಿ ಎಚ್ಚರಿಸಿದ: “ನೀರು ನಿಲ್ಲಸ್ರಿ ಧಣ್ಯಾರ. ಈ ಗಿಡ ಬಿಸಲಾಗ ಒಣಗಬೇಕು, ಆವಾಗ ಹೂ ಹಿಡೀತೈತಿ. ದಿನಾ ನೀರು ಗೊಬ್ಬರ ಹಾಕಿದ್ರ ಬರೇ ಎಲಿ ಬಿಡ್ತೈತಿ.”

“ನನ್ನ ಅಂಗಳದಾಗ ನನ್ನ ಗಿಡ ಬಾಯಾರಿ ನಿಲ್ಲಬೇಕೇನೋ? ಪೈಪು ಹಚ್ಚು!”

ವೈಶಾಖ ಬಂತು. ಲಗ್ನಪತ್ರಿಕೆಯ ಮೇಲೆ ಹಳದಿ ಗೊಂಚಲು ಅಚ್ಚಾಗಿತ್ತು. ಮರದ ಮೇಲೆ ಬರೀ ಹಸಿರು. ಎಂಟು ದಿನ ಉಳಿದಿರುವಾಗ ಶ್ರೀಮಂತ ಬೀಗರಿಗೆ ಹೇಳಿಕಳಿಸಿದ: ನಮ್ಮ ದೊಡ್ಡಪ್ಪ ತೀರಿಕೊಂಡಿದ್ದಾರೆ, ಸೂತಕ, ಮದುವೆ ಬರುವ ವರ್ಷ. ಕೇಳಿದಿರಾ? ಆರಾಮವಾಗಿ ಉಂಡುಟ್ಟುಕೊಂಡಿದ್ದ ದೊಡ್ಡಪ್ಪನನ್ನು ಬಾಯಲ್ಲೇ ಕೊಂದ!

ಮಗಳು ಬಂದು ಎದುರು ನಿಂತಳು. “ದೊಡ್ಡಜ್ಜ ಆರಾಮ ಅದಾನ. ನಿನ್ನೆ ಫೋನಿನಾಗ ಮಾತಾಡೇನಿ. ಯಾಕಪ್ಪಾ ಈ ಸುಳ್ಳು?”

“ನಿನ್ನ ಸಲುವಾಗೇ ಹೇಳಿದ್ದವ್ವಾ. ಒಂದು ವರ್ಷ ತಡಿ.”

“ನನ್ನ ಸಲುವಾಗಿ ಬ್ಯಾಡ. ಗುಡಿಯಾಗ ನಾಕ ಮಂದಿ ಮುಂದ ಆದ್ರೂ ಸಾಕು. ಅತ್ತಿ ಕಣ್ಣಿಗೆ ಬೀಳಲಿ.”

“ನಾಕ ಮಂದಿ ಮುಂದ? ನನ್ನ ಮಗಳ ಮದುವಿ?” ಅವನಿಗೆ ನಿಜಕ್ಕೂ ನೋವಾಯಿತು. ತಾನು ಮಗಳನ್ನು ಎಷ್ಟು ಪ್ರೀತಿಸುತ್ತೇನೆ, ಇವಳಿಗೆ ತಿಳಿಯುವುದಿಲ್ಲವಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಇಂಥ ಕಣ್ಣೀರಿಗೆ ಹೆದರಿ ನೀವು, ಇದರಷ್ಟು ಮೋಸದ್ದು ಇನ್ನೊಂದಿಲ್ಲ.

ಮರುವರ್ಷ ಎರಡು ಪೈಪು, ಗಾಡಿಗಟ್ಟಲೆ ಗೊಬ್ಬರ. ಮರ ಇನ್ನಷ್ಟು ದಟ್ಟವಾಯಿತು. ಹೂವಿಲ್ಲ. ಈ ಸಲ ಜಾತಕದ ನೆಪ. ಮದುವೆ ಮತ್ತೆ ಮುಂದೆ ಹೋಯಿತು. ಆಷಾಢದಲ್ಲಿ ಹುಡುಗನ ತಾಯಿ ತೀರಿಕೊಂಡಳು.

ಶ್ರೀಮಂತ ಮಾತನಾಡಿಸಲು ಹೋದ. ಹುಡುಗ ಬಾಗಿಲಲ್ಲೇ ತಡೆದ. “ನಿಮ್ಮ ಮಗಳು ಎಲ್ಲಾ ಹೇಳ್ಯಾಳ್ರಿ. ಆಕಿದು ಏನೂ ತಪ್ಪಿಲ್ಲ. ಆದ್ರ ನಮ್ಮವ್ವ ಕಡೀತನಕ ಕೇಳಿದ್ದು ಒಂದ: ‘ಹುಡುಗಿ ಯಾವಾಗ ಬರ್ತಾಳಪಾ?’ ಗಿಡ ಹೂ ಬಿಟ್ಟ ಮ್ಯಾಲ ಬರ್ತಾಳ ಅಂತ ಹೆಂಗ ಹೇಳ್ಲಿ ನಾನು? ನಿಮ್ಮ ಮನಿ ಅಳಿಯ ಆಗೂದು ನನ್ನಿಂದ ಆಗೂದಿಲ್ಲ. ಹೋಗಿ ಬರ್ರಿ.”

ಮನೆಗೆ ಬಂದ ಶ್ರೀಮಂತ ತೋಟದ ಕಡೆ ತಲೆಹಾಕಲಿಲ್ಲ. ಮಾಲಿಯನ್ನು ಕೆಲಸದಿಂದ ಬಿಡಿಸಿಬಿಟ್ಟ. ಯಾರೂ ನೀರು ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ. ಬೇಸಿಗೆಗೆ ಮಣ್ಣು ಬಿರುಕು ಬಿಟ್ಟಿತು. ಎಲೆಯೆಲ್ಲ ಉದುರಿತು. ವೈಶಾಖದ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಮರ ತುಂಬ ಹೂವು!

ಅವನು ಎಲ್ಲ ಮರೆತ. ಒಂದು ಗಳಿಗೆ, ಎಲ್ಲವನ್ನೂ. “ಬಾರವ್ವಾ, ಲಗೂ ಬಾ! ಬಿಟ್ಟೈತಿ!” ಎಂದು ಕೂಗಿದ.

ಮಗಳು ಹೊಸ್ತಿಲವರೆಗೆ ಬಂದಳು. “ಅತ್ತಿ ಹೋಗಿ ಹತ್ತು ತಿಂಗಳಾತಪಾ. ಯಾರಿಗೆ ತೋರಸ್ತೀರಿ?” ಅಷ್ಟೇ ಹೇಳಿ ಒಳಗೆ ಹೋದಳು.

ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. “ಎಂಥಾ ಹೂವೋ ಮಾರಾಯ, ಮದುವಿ ಮನೀ ಹಂಗ ಕಾಣಸ್ತೈತಿ” ಎಂದರು. ವರ್ಷಗಟ್ಟಲೆ ಅವನು ಕಾದಿದ್ದ ಮಾತು ಅದು. ಕಿವಿ ಮುಚ್ಚಿಕೊಂಡು ಒಳಗೋಡಿದ. ಮಗಳು ಅದೇ ವರ್ಷ ದೂರದೂರಿನ ಶಾಲೆಯಲ್ಲಿ ಕೆಲಸ ಹಿಡಿದಳು. ದೀಪಾವಳಿಗೆ ಬರುತ್ತಾಳೆ. ಬೇಸಿಗೆ ರಜೆಗೆ ಮಾತ್ರ ಬರುವುದಿಲ್ಲ.

ಹುಚ್ಚ ಎಂದಿರಿ, ಅಲ್ಲವೇ? ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದೂ ಕೇಳಿಸಿತು. ನಗಿ. ಆದರೆ ನಿಮ್ಮ ತಂಗಿಯ ಮನೆಗೆ ಹೋಗಿ ಎಷ್ಟು ವರ್ಷವಾಯಿತು? ಕಾರು ತಗೊಂಡ ಮೇಲೆ ಹೋಗೋಣ ಎನ್ನುತ್ತೀರಿ. ಆಸ್ಪತ್ರೆಯಲ್ಲಿ ಮಲಗಿದ ಗೆಳೆಯನ ಹತ್ತಿರ ಬರಿಗೈಯಲ್ಲಿ ಹೇಗೆ ಹೋಗುವುದು ಎನ್ನುತ್ತೀರಿ. ಅವನು ನಿಮ್ಮ ಸೇಬು ಹಣ್ಣಿಗೆ ಕಾಯುತ್ತಿದ್ದಾನೆಯೇ? ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಬೇಕಾದರೂ ನಿಮಗೆ ಷಷ್ಟಿಪೂರ್ತಿಯ ಶಾಮಿಯಾನ ಬೇಕು, ಫೋಟೋ ತೆಗೆಯುವವನು ಬೇಕು! ನಮ್ಮವರ ಸಲುವಾಗಿ ಎನ್ನುತ್ತೀರಿ, ನೋಡುವವರ ಸಲುವಾಗಿ ಮಾಡುತ್ತೀರಿ. ಅಷ್ಟರಲ್ಲಿ ನಿಮ್ಮವರು ಹೊರಟು ಹೋಗುತ್ತಾರೆ.

ಇದನ್ನು ಬಿಡಿ. ಹಳೇ ಬಟ್ಟೆಯಲ್ಲೇ ಹೋಗಿ. ಬರಿಗೈಯಲ್ಲೇ ಹೋಗಿ. ತಪ್ಪು ಒಪ್ಪಿಕೊಳ್ಳುವುದಿದ್ದರೆ ಹಬ್ಬ ಬರಲಿ ಎನ್ನಬೇಡಿ, ಬಾಗಿಲಲ್ಲೇ ನಿಂತು ಒಪ್ಪಿಕೊಳ್ಳಿ. ನಾನು ಮಾತನಾಡುವಾಗ ನಿಮ್ಮಲ್ಲಿ ಯಾರಿಗಾದರೂ ಒಂದು ಮುಖ ನೆನಪಾಗಿದ್ದರೆ, ಈಗಲೇ ಏಳಿ. ನನಗೆ ಬೇಸರವಿಲ್ಲ. ಮಂಗಳಾರತಿ ನಾಳೆಯೂ ಇರುತ್ತದೆ.