ಕಾಶಿಯಲ್ಲಿ ಸಕ್ಕರೆ ಬಿಟ್ಟ ಸಾಹುಕಾರ

ಇವತ್ತು ಇಂದ್ರಿಯ ನಿಗ್ರಹದ ಬಗ್ಗೆ ಮಾತಾಡೋಣ ಎಂದು ನಿನ್ನೆಯೇ ಹೇಳಿದ್ದೆ. ಎಲ್ಲ ಇಂದ್ರಿಯಗಳನ್ನೂ ಒಂದೇ ದಿನ ಹಿಡಿಯಲು ಆಗುವುದಿಲ್ಲ, ಇವತ್ತು ನಾಲಿಗೆಯೊಂದನ್ನು ಹಿಡಿಯೋಣ. ಅದಕ್ಕೆ ಮೊದಲು ಒಂದು ಮಾತು. ಬೆಳಿಗ್ಗೆ ಪೂಜೆ ಮುಗಿಸಿ ಕುಳಿತಿದ್ದೆ, ಈ ಪ್ರವಚನ ಸಮಿತಿಯವರೊಬ್ಬರು ಬಂದು ಕಿವಿಯಲ್ಲಿ ಹೇಳಿದರು: "ಅಜ್ಜಾರ, ಇವತ್ತ ಆ ಡಬ್ಬಿ ಸೋಡಾದ ಸುದ್ದಿ ಒಂದು ಬಿಡ್ರಿ. ಪೆಂಡಾಲ್ ಹಾಕಿಸಿದವ್ರು ಅದರ ಏಜೆನ್ಸಿಯವ್ರು ಅದಾರ."

ನೋಡಿ, ಪೆಂಡಾಲು ಬೇಕಾದರೆ ಬಿಚ್ಚಿಕೊಂಡು ಹೋಗಲಿ. ನಾನು ಬಿಸಿಲಲ್ಲಿ ಕುಳಿತು ಹೇಳುತ್ತೇನೆ. ನೀವು ಬಿಸಿಲಲ್ಲಿ ಕುಳಿತು ಕೇಳುತ್ತೀರೋ ಇಲ್ಲವೋ? ತಾಯಂದಿರು ಹೂಂ ಅನ್ನುತ್ತಿದ್ದಾರೆ, ಗಂಡಸರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಇರಲಿ, ಸುದ್ದಿಯನ್ನಂತೂ ನಾನು ಬಿಡುವವನಲ್ಲ.

ಬೆಲ್ಲದ ಪೇಟೆಯೊಂದರಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಹೆಸರು ಕೇಳಬೇಡಿ, ಹೇಳಿದರೆ ಈ ಸಭೆಯಲ್ಲೇ ಅವನ ಬೀಗರು ಎದ್ದು ನಿಲ್ಲುತ್ತಾರೆ. ರೈತರ ಬೆಲ್ಲವನ್ನು ಕಮಿಷನ್ನಿಗೆ ಮಾರಿಕೊಡುವ ದೊಡ್ಡ ಅಡತಿ ಅಂಗಡಿ, ಅಂಗಡಿಯ ಹಿಂದೆ ಗೋದಾಮು, ಮುಂದೆ ಕಲ್ಲಿನ ಕಟ್ಟೆ. ಆದರೆ ಅವನ ನಿಜವಾದ ಆಸ್ತಿ ಯಾವುದು? ಅವನ ನಾಲಿಗೆ. ಗಾಣದಿಂದ ಬಂದ ಬೆಲ್ಲದ ಅಚ್ಚಿನ, ಅಂದರೆ ಪೆಂಟಿಯ, ಮೂಲೆಯನ್ನು ಉಗುರಿನಿಂದ ಕೆರೆದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಕಬ್ಬು ಸವಳು ನೆಲದ್ದೋ ಎರೆ ಹೊಲದ್ದೋ, ಪಾಕ ಕಮರಿತ್ತೋ, ಸುಣ್ಣ ಹೆಚ್ಚಾಯಿತೋ, ಎಲ್ಲ ಹೇಳಿಬಿಡುತ್ತಿದ್ದ. ಹರಾಜಿಗೆ ಮೊದಲು ಅವನು ತಲೆದೂಗಿದರೆ ಆ ಬೆಲ್ಲಕ್ಕೆ ಮಾನ, ತಲೆ ಅಲ್ಲಾಡಿಸಿದರೆ ಗಾಡಿ ತಿರುಗಿಸಿಕೊಂಡು ಹೋಗಬೇಕು. ಮಠದ ದಾಸೋಹದಲ್ಲಿ ಮಾಡುವ ಗೋಧಿ ಹುಗ್ಗಿಗೂ ಅವನೇ ರುಚಿ ನೋಡಿ ಬೆಲ್ಲ ಆರಿಸುವ ಪದ್ಧತಿ. ಅವನ ಅಪ್ಪನ ಕಾಲದಿಂದ ನಡೆದುಬಂದದ್ದು.

ಇಂಥ ಸಾಹುಕಾರನಿಗೆ ಡಾಕ್ಟರು ಹೇಳಿದರು: ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ಬಾಯಿ ಕಟ್ಟಿ. ಅದೇ ವರ್ಷ ಹೆಂಡತಿ ಅವನನ್ನು ಕಾಶಿಗೆ ಕರೆದುಕೊಂಡು ಹೋದಳು. ಕಾಶಿಗೆ ಹೋದವರು ತಮಗೆ ಪ್ರಿಯವಾದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರಬೇಕು, ಗೊತ್ತಲ್ಲ? ಜಾಣರು ಏನು ಬಿಡುತ್ತಾರೆ? ಹಾಗಲಕಾಯಿ ಬಿಡುತ್ತಾರೆ! ನಗಬೇಡಿ, ಇಲ್ಲಿ ಮುಂದಿನ ಸಾಲಿನಲ್ಲೇ ಹಾಗಲಕಾಯಿ ಬಿಟ್ಟವರಿದ್ದಾರೆ. ನಮ್ಮ ಸಾಹುಕಾರ ಅಂಥವನಲ್ಲ. ಗಂಗೆಯಲ್ಲಿ ಮುಳುಗಿ ಎದ್ದು, "ಸಕ್ರಿ ಬಿಟ್ಟೆ" ಎಂದು ಗಟ್ಟಿಯಾಗಿಯೇ ಹೇಳಿದ.

ಊರಿಗೆ ಬಂದ ಮೇಲೆ ಸಂಕಟ ಶುರುವಾಯಿತು. ಚಹಾ ಬಾಯಿಗೆ ಹತ್ತುವುದಿಲ್ಲ. ಮಧ್ಯಾಹ್ನವಾದರೆ ಪೇಡೆ ನೆನಪಾಗುತ್ತದೆ. ಆಗ ಅಳಿಯ ಬಂದ, ಕೈಯಲ್ಲಿ ಒಂದು ತಣ್ಣನೆಯ ಡಬ್ಬಿ. "ಮಾಮಾ, ಕಾಶ್ಯಾಗ ನೀವು ಬಿಟ್ಟಿದ್ದು ಸಕ್ರಿ ಹೌದಲ್ರಿ? ಇದು ಡಯಟ್ ಸೋಡಾ. ಇದ್ರಾಗ ಸಕ್ರಿ ಹುಡುಕಿದ್ರೂ ಸಿಗೂದಿಲ್ಲ. ಆದ್ರ ಸಿಹಿ ನೋಡ್ರಿ ಹೆಂಗೈತಿ!"

ಸಾಹುಕಾರ ಕುಡಿದ. ಕುಡಿದು ಕಣ್ಣಗಲಿಸಿದ. ವ್ರತವೂ ಉಳಿಯಿತು, ಸಿಹಿಯೂ ಸಿಕ್ಕಿತು! ಇನ್ನೇನು ಬೇಕು? ಅಂಗಡಿಗೆ ಫ್ರಿಜ್ ಬಂತು. ಬೆಳಿಗ್ಗೆ ಗಲ್ಲೆಗೆ ಕೂರುವ ಮೊದಲು ಒಂದು, ಊಟದ ಮೇಲೆ ಒಂದು, ಸಂಜೆ ಗಿರಾಕಿಗಳ ಜೊತೆ ಮತ್ತೊಂದು. ಸೋಮವಾರ ಉಪವಾಸ ಮಾಡುವವನು ಸೋಮವಾರವೂ ಕುಡಿದ. ಹೆಂಡತಿ ಕೇಳಿದಳು, "ಏನ್ರೀ, ಉಪವಾಸದಾಗೂ ಇದನ್ನ ಕುಡೀತೀರಲ್ಲ?"

"ಲೇ, ಡಬ್ಬಿ ಮ್ಯಾಲ ಸೊನ್ನಿ ಅಂತ ಬರದಾರ. ಸೊನ್ನಿ ಕುಡದ್ರ ಉಪವಾಸ ಹೆಂಗ ಮುರೀತೈತಿ?"

"ಸಕ್ರಿ ಬಿಟ್ಟು ಬಂದ್ರಿ ಖರೆ. ಸಿಹಿ ಮ್ಯಾಲಿನ ಆಸಿ ಬಿಟ್ಟು ಬಂದ್ರೇನು?"

ಸಾಹುಕಾರ ಮರುದಿನ ಊಟಕ್ಕೆ ಕುಳಿತು, ಇನ್ನೊಂದು ಹೋಳಿಗೆ ನೀಡು ಎಂದ. ಹೌದು, ಹೋಳಿಗೆ ಬೆಲ್ಲದ್ದಲ್ಲವೇ, ಅವನು ಬಿಟ್ಟದ್ದು ಸಕ್ಕರೆ ಮಾತ್ರ! ಕುಡಿಯುವುದರಲ್ಲಿ ಉಳಿಸಿದ್ದೇನೆ, ತಿನ್ನುವುದರಲ್ಲಿ ಸ್ವಲ್ಪ ಹೆಚ್ಚಾದರೆ ಏನಂತೆ ಎಂದುಕೊಂಡ. ಈ ಲೆಕ್ಕ ನಿಮಗೆ ಹೊಸದೇ? ನಿಮ್ಮ ಮುಖ ನೋಡಿದರೆ ಹೊಸದೆಂದು ಅನ್ನಿಸುವುದಿಲ್ಲ.

ಹೀಗೆ ವರ್ಷ ಕಳೆಯಿತು. ಗಾಣಗಳು ಶುರುವಾದವು, ಮಠಕ್ಕೆ ಬೆಲ್ಲ ಆರಿಸುವ ದಿನ ಬಂತು. ಗಾಣ ನಡೆಸುವ ಒಬ್ಬ ಹೆಣ್ಣುಮಗಳು ತನ್ನ ಪೆಂಟಿಗಳನ್ನು ತಂದು ಕಟ್ಟೆಯ ಮೇಲಿಟ್ಟಳು. ಸಾಹುಕಾರನ ಹೆಸರು ಹೇಳಲಿಲ್ಲ, ಆದರೆ ಈಕೆಯ ಹೆಸರು ಹೇಳುತ್ತೇನೆ, ಹೇಳಲೇಬೇಕು. ಬಾಳವ್ವ. ಪಾಕ ಏಳುವಾಗ ಕೊಪ್ಪರಿಗೆಯ ಮುಂದೆ ತಾನೇ ನಿಲ್ಲುವವಳು. ಅವಳ ಬೆಲ್ಲಕ್ಕೆ ಈವರೆಗೆ ಯಾರೂ ಕೊಂಕು ಹೇಳಿರಲಿಲ್ಲ.

ಸಾಹುಕಾರ ಆಗಷ್ಟೇ ಡಬ್ಬಿ ಖಾಲಿ ಮಾಡಿ ಬಂದ. ಉಗುರಿನಿಂದ ಕೆರೆದ, ನಾಲಿಗೆಯ ಮೇಲಿಟ್ಟ, ಕಣ್ಣು ಮುಚ್ಚಿದ. ಮುಖ ಸಪ್ಪೆ ಮಾಡಿದ. "ಏನವಾ ಬಾಳವ್ವ, ಸಪ್ಪಗೈತಲ್ಲ! ಕಬ್ಬು ಎಳೇದು ಕಡದಿ ಏನು?"

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸಾಹುಕಾರ ಪಕ್ಕದ ಪೆಂಟಿಗೆ ಹೋದ. ಅದು ಹಳದಿ ಹಳದಿಯಾಗಿ ಥಳಥಳ ಹೊಳೆಯುತ್ತಿತ್ತು. ನೆಕ್ಕಿ ನೋಡಿ, "ಸಿಹಿ ಅಂದ್ರ ಇದು. ಮಠಕ್ಕ ಇದ ಹೋಗಲಿ" ಎಂದ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬೆಲ್ಲಕ್ಕೆ ಪಾಕದಲ್ಲೇ ಸಕ್ಕರೆ ಸುರಿಯುತ್ತಾರೆಂಬುದು ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಸಕ್ಕರೆ ಬಿಟ್ಟು ಬಂದ ನಾಲಿಗೆ ಹುಡುಕಿ ಹುಡುಕಿ ಸಕ್ಕರೆಯನ್ನೇ ಆರಿಸಿತ್ತು!

ಬಾಳವ್ವ ಏನು ಮಾಡಿದಳು? ಅತ್ತಳೇ? ಕೈ ಮುಗಿದಳೇ? ತನ್ನ ಪೆಂಟಿಯೊಂದನ್ನು ಕಟ್ಟೆಗೆ ಅಪ್ಪಳಿಸಿ ಒಡೆದಳು. ಚೂರುಗಳನ್ನು ಹಮಾಲರಿಗೆ, ಗಾಡಿಯವರಿಗೆ, ಕೊಳ್ಳಲು ಬಂದವರಿಗೆ ಕೊಟ್ಟಳು. "ತಿನ್ರಿ. ತಿಂದು ಹೇಳ್ರಿ." ಎಲ್ಲರೂ ತಿಂದರು. ಒಬ್ಬರಾದರೂ ಸಪ್ಪೆ ಎನ್ನಲಿಲ್ಲ. ಅವಳು ಸಾಹುಕಾರನ ಎದುರಿಗೆ ಬಂದು ನಿಂತಳು.

"ಸಾವ್ಕಾರ್ರ, ನನ್ನ ಬೆಲ್ಲ ಸಪ್ಪಗಿಲ್ಲ. ನಿಮ್ಮ ನಾಲಿಗಿ ಸತ್ತೈತಿ."

"ಗಾಡಿ ತಿರುಗಿಸಿಕೊಂಡ್ ಹೋಗಬೇ!"

"ಹೋಗೂದಿಲ್ಲ. ನನ್ನ ಪೆಂಟಿ ಇದ ಕಟ್ಟಿ ಮ್ಯಾಲ ಇರತಾವ. ನಿಮ್ಮ ನಾಲಿಗಿ ತಿರುಗಿ ಬರೂತನಕ ನಾ ಒಂದ್ ಚೂರೂ ಒಯ್ಯೂದಿಲ್ಲ. ನೀವು ಸಾವ್ಕಾರ್ರಾದ್ರ ನಿಮ್ಮ ಮನ್ಯಾಗ."

ಪೆಂಟಿಗಳ ಮೇಲೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಹೊರಟೇಹೋದಳು. ಭಲೇ ಬಾಳವ್ವ! ಹತ್ತು ಮಂದಿಯ ಮುಂದೆ ದೊಡ್ಡವನೊಬ್ಬ ತಪ್ಪು ಹೇಳಿದರೆ ನಾವು ಏನು ಮಾಡುತ್ತೇವೆ? ಹೌದ್ರೀ ಸಾಹುಕಾರ್ರ ಎಂದು ಗಾಡಿ ತಿರುಗಿಸುತ್ತೇವೆ. ಅವಳು ತಿರುಗಿಸಲಿಲ್ಲ.

ಸಾಹುಕಾರ ಉರಿಯುತ್ತಾ ಮನೆಗೆ ಬಂದ. ಹೆಂಡತಿ ಅವನ ಪಕ್ಷ ವಹಿಸುತ್ತಾಳೆ ಅಂದುಕೊಂಡಿದ್ದ. ಅವಳು ನೀರಿನ ತಂಬಿಗೆ ಮುಂದಿಟ್ಟಳು. ಕುಡಿದವನು ದವಡೆ ಹಿಡಿದುಕೊಂಡ. ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತಿತ್ತು, ಬಹಳ ದಿನದಿಂದ ಹಾಗೇ ಇತ್ತು, ಯಾರಿಗೂ ಹೇಳಿರಲಿಲ್ಲ. ಹೆಂಡತಿ ಅವನನ್ನು ದವಾಖಾನೆಗೆ ಹೊರಡಿಸಿದಳು. ಹಲ್ಲಿನ ಡಾಕ್ಟರು ಬಾಯಿ ನೋಡಿ, ದಿನಾ ಏನು ಕುಡಿಯುತ್ತೀರಿ ಎಂದು ಮೊದಲು ಕೇಳಿದರು. ಮೊದಲು ಬಾಯಿ ಕಟ್ಟಿ ಎಂದಿದ್ದ ಡಾಕ್ಟರು ರಕ್ತ ತೆಗೆದು ನೋಡಿದರು. ಹೊಸ್ತಿಲಲ್ಲಿ ನಿಂತಿದ್ದ ಕಾಯಿಲೆ ಒಳಗೆ ಬಂದು ಕುಳಿತಿತ್ತು.

"ಸಕ್ರಿ ಬಿಟ್ಟೀನಲ್ರೀ!" ಎಂದು ಸಾಹುಕಾರ ಕೂಗಾಡಿದ.

"ಹೌದ್ರೀ, ಸಕ್ರಿ ಬಿಟ್ರಿ. ಹೋಳಿಗಿ ಎಷ್ಟ್ ತಿಂದ್ರಿ?" ಎಂದು ಡಾಕ್ಟರು ಕೇಳಿದರು.

ಆ ದಿನದಿಂದ ಡಬ್ಬಿ ಬಿಟ್ಟ, ಹೋಳಿಗೆಯನ್ನೂ ಬಿಟ್ಟ. ಬಿಟ್ಟ ಎಂದು ಹೇಳುವುದು ಸುಲಭ. ತಲೆ ಸಿಡಿಯಿತು. ಗುಮಾಸ್ತರ ಮೇಲೆ ಹರಿಹಾಯ್ದ. ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ನಿಲ್ಲುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಹೊರಗೆ ನೋಡಿದರೆ ಕಟ್ಟೆಯ ಮೇಲೆ ತಾಡಪತ್ರಿ. ಪೇಟೆಗೆ ಬಂದವರೆಲ್ಲ ಅದನ್ನು ನೋಡಿ, ಇವನನ್ನು ನೋಡಿ ಮುಂದೆ ಹೋಗುತ್ತಿದ್ದರು. ಆ ವರ್ಷದ ಹುಗ್ಗಿಗೆ ಮಠದವರು ಇನ್ನೂ ಬೆಲ್ಲ ಒಯ್ದಿರಲಿಲ್ಲ, ಅವನು ಆರಿಸಿದ್ದನ್ನು ಬೇಡವೆಂದೂ ಅಂದಿರಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು. ನೀರು, ಮಜ್ಜಿಗೆ, ನೀರು, ಮಜ್ಜಿಗೆ. ವಾರಗಳು ಹಾಗೆಯೇ ಹೋದವು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದ. ಪಲ್ಯ ಇನ್ನೂ ಬಂದಿರಲಿಲ್ಲ, ಹಸಿವಿಗೆ ಬರೀ ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿದ. ಅಗಿಯುತ್ತಾ ಅಗಿಯುತ್ತಾ ದವಡೆ ನಿಂತುಬಿಟ್ಟಿತು. "ಲೇ, ಬಾ ಇಲ್ಲಿ! ರೊಟ್ಟಿಗೆ ಏನ್ ಹಾಕೀದಿ?"

"ಏನೂ ಇಲ್ರೀ. ಹಿಟ್ಟು, ನೀರು."

"ಸಿಹಿ ಐತಲ್ಲೇ!"

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಪೇಟೆಗೆಲ್ಲ ಸಿಹಿಯ ತೀರ್ಪು ಕೊಡುತ್ತಿದ್ದವನು ಬರಿ ರೊಟ್ಟಿಯ ಮುಂದೆ ಕುಳಿತು ಅತ್ತ. ಕೈ ತೊಳೆದು ನೆಟ್ಟಗೆ ಬಾಳವ್ವನ ಗಾಣಕ್ಕೆ ಹೋದ. "ತಪ್ಪಾತವಾ, ಬಾಳವ್ವ" ಎಂದ.

ಅವಳು ಪಾಕ ತಿರುವುವುದನ್ನು ನಿಲ್ಲಿಸಲಿಲ್ಲ. "ನನ್ನ ಮುಂದ ಅಂದ್ರ ಏನ್ ಬಂತ್ರಿ? ಮಂದಿ ಮುಂದ ಸಪ್ಪಗ ಅಂದ್ರಿ. ಮಂದಿ ಮುಂದ ಬಂದು ಅನ್ರಿ."

ಸರಿ, ಬಂದ. ಸಂತೆ ತುಂಬಿದಾಗ ಕಟ್ಟೆ ಹತ್ತಿದ. ತಾಡಪತ್ರಿ ಸರಿಸಿದ, ಬೆಲ್ಲ ಕೆರೆದು ಬಾಯಿಗಿಟ್ಟುಕೊಂಡ. "ಬೆಲ್ಲ ಕೆಟ್ಟಿರಲಿಲ್ರೋ. ನನ್ನ ನಾಲಿಗಿ ಕೆಟ್ಟಿತ್ತು" ಎಂದು ಕೂಗಿ ಹೇಳಿದ. ಗುಂಪಿನಲ್ಲಿ ಯಾರೋ, "ಇನ್ನ ನಿಮ್ಮನ್ನ ಹೆಂಗ ನಂಬಬೇಕ್ರಿ?" ಎಂದರು.

"ನಂಬಬ್ಯಾಡ್ರಿ. ಇನ್ನ ಮುಂದ ಮಠದ ಬೆಲ್ಲ ಆರಿಸೂಮುಂದ ಬಾಳವ್ವ ನನ್ನ ಬಾಜೂಕ ಇರತಾಳ. ಆಕಿ ಹೂಂ ಅಂದ್ರ ಹೋಗತೈತಿ, ಇಲ್ಲಾಂದ್ರ ಇಲ್ಲ." ಆ ಸಲದ ಹುಗ್ಗಿಗೆ ಹೋದದ್ದು ಬಾಳವ್ವನ ಬೆಲ್ಲ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಡಯಟ್ ಸೋಡಾ ವಿಷ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾನೂ ಸುಳ್ಳುಗಾರನಾಗುತ್ತೇನೆ. ಎಂದೋ ಒಮ್ಮೆ ಕುಡಿದವನು ಕೆಟ್ಟುಹೋಗುವುದಿಲ್ಲ. ನನ್ನ ಜಗಳ ದಿನಾ ಕುಡಿಯುವುದರ ಜೊತೆ. ಅದರ ಹುಳಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ಕಪ್ಪು ಸೋಡಾದಲ್ಲಿರುವ ಕೆಫೀನು ಸಂಜೆ ಕುಡಿದವರ ನಿದ್ದೆ ಕೆಡಿಸುತ್ತದೆ. ದಿನವೂ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಸೋಡಾದಿಂದಲೇ ಬಂದಿತೆಂದು ಅವರೂ ಖಚಿತವಾಗಿ ಹೇಳಿಲ್ಲ, ನಾನೂ ಹೇಳುವುದಿಲ್ಲ. ತೂಕ ಇಳಿಸಲು ಈ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ಮಾತ್ರ ಡಬ್ಬಿಯ ಮೇಲೆ ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ, ಅಲ್ಲವೇ?

ನಾಳೆ ಮನೆಗೆ ಹೋಗಿ, "ಅಜ್ಜಾರು ಡಯಟ್ ಬ್ಯಾಡಂದ್ರು" ಎಂದು ಸಕ್ಕರೆ ಸೋಡಾ ತೆರೆದೀರಿ, ಜೋಕೆ! ಅದು ಇನ್ನೂ ಕೆಟ್ಟದ್ದು. ಬಾಯಾರಿದರೆ ನೀರು ಕುಡಿಯಿರಿ. ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ ಕುಡಿಯಿರಿ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರೆ ಉಪ್ಪು ಬೇಡ. ಔಷಧಿ ತೆಗೆದುಕೊಳ್ಳುವವರು ನನ್ನನ್ನಲ್ಲ, ನಿಮ್ಮ ಡಾಕ್ಟರನ್ನು ಕೇಳಿ. ಬೀಗರ ಮನೆಯಲ್ಲಿ ಡಬ್ಬಿ ತೆರೆದು ಕೈಗೆ ಕೊಟ್ಟರೆ ಬೇಡ ಎನ್ನಿ. ಮೆಲ್ಲಗೆ ಅಲ್ಲ, ಬಾಳವ್ವನ ಹಾಗೆ ಗಟ್ಟಿಯಾಗಿ ಎನ್ನಿ. ಮಕ್ಕಳ ಎದುರಿಗೆ ಎನ್ನಿ, ಅವರು ಕಲಿಯಲಿ. ಬೀಗರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನಿಮ್ಮ ಬಾಯಿ ನಿಮ್ಮದು.

ಮತ್ತೊಂದು ಕೆಲಸ ಇವತ್ತೇ ಮಾಡಬೇಕು. ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಪಲ್ಯ ಮುಟ್ಟುವ ಮೊದಲು ಬರೀ ರೊಟ್ಟಿಯ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿಯಿರಿ. ಸಿಹಿ ಹತ್ತಿದರೆ ಸಂತೋಷ, ನಿಮ್ಮ ನಾಲಿಗೆ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಹತ್ತದಿದ್ದರೆ ಅದನ್ನು ಯಾರಿಗೋ ಕೊಟ್ಟು ಕುಳಿತಿದ್ದೀರಿ. ನಾಳೆ ಬೆಳಿಗ್ಗೆಯಿಂದಲೇ ಹಟ ಹಿಡಿದು ಅದನ್ನು ವಾಪಸು ತನ್ನಿ.